ಕಾಲೇಜು ಅರ್ಜಿಗೆ ಯಾವ ಚಟುವಟಿಕೆ? ಮನೆಯಂಗಳದಿಂದಲೇ ಹುಡುಕಿ

"ಮಗಳನ್ನು ಕರಾಟೆಗೆ ಸೇರಿಸಲಾ, ಕೀಬೋರ್ಡಿಗೆ ಸೇರಿಸಲಾ? ಯಾವುದಕ್ಕೆ ಜಾಸ್ತಿ ಬೆಲೆ?" ಮಡಿಕೇರಿ, ವಿರಾಜಪೇಟೆ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಯಾವ ಕಾಲೇಜಿಗೆ ಅಂತ ತಿರುಗಿ ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ನಾವು ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಮೊದಲು ಬಾಗಿಲು ಯಾವುದು ನೋಡಿ

ಎಲ್ಲ ಕಾಲೇಜೂ ಚಟುವಟಿಕೆ ನೋಡುವುದಿಲ್ಲ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಬರುವುದು ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ. ಮೆಡಿಕಲ್ ಬೇಕೆಂದರೆ ನೀಟ್ ಅಂಕ. ಅಲ್ಲಿ ನೀವು ವೀಣೆ ನುಡಿಸುತ್ತೀರೋ, ಚೆಸ್ ಆಡುತ್ತೀರೋ ಯಾರೂ ಕೇಳುವುದಿಲ್ಲ. ಹಾಗಿದ್ದಾಗ ಅರ್ಜಿಯ ಹೆಸರಲ್ಲಿ ಮಗುವಿನ ಸಂಜೆಗಳನ್ನೆಲ್ಲ ತುಂಬಿಸಬೇಡಿ. ಇಷ್ಟವಿದ್ದರೆ ಆಡಲಿ, ಹಾಡಲಿ, ಅಷ್ಟೇ ಸಾಕು.

ಆದರೆ ಅದೇ ಸಿಇಟಿಯಲ್ಲಿ ಕೆಲವು ವಿಶೇಷ ವರ್ಗಗಳಿವೆ: ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್. ಸೈನಿಕರ ಮಕ್ಕಳಿಗೂ ಬೇರೆ ಸೀಟುಗಳಿವೆ, ಕೊಡಗಿನಲ್ಲಿ ಇದು ಎಷ್ಟೋ ಮನೆಗಳಿಗೆ ಅನ್ವಯವಾಗುತ್ತದೆ. ಕೃಷಿ ಕೋರ್ಸುಗಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ತೋಟ ಗದ್ದೆಯಲ್ಲಿ ಕೈ ಕೆಸರು ಮಾಡಿಕೊಂಡು ಬೆಳೆದ ಮಗುವಿಗೆ ಆ ಬದುಕೇ ತಯಾರಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಊರಿನ ಪಂದ್ಯದ ಕಪ್ ಎಷ್ಟು ದೊಡ್ಡದಿದ್ದರೂ ಕೋಟಾಕ್ಕೆ ಸಾಕಾಗುವುದಿಲ್ಲ. ಯಾವ ಹಂತದ ಪಂದ್ಯ, ಯಾರು ಕೊಟ್ಟ ಪ್ರಮಾಣಪತ್ರ ಎಂಬುದು ಆ ವರ್ಷದ ಸಿಇಟಿ ಕೈಪಿಡಿಯಲ್ಲಿ ಇರುತ್ತದೆ. ಪಿಯು ಸೇರಿದ ತಿಂಗಳಲ್ಲೇ ಓದಿ, ಮುಗಿದ ಮೇಲೆ ಓದಿದರೆ ಏನೂ ಮಾಡಲಾಗದು.

ದೆಹಲಿ ವಿಶ್ವವಿದ್ಯಾಲಯದಲ್ಲಿ ಕ್ರೀಡೆಗೂ ಕಲೆ, ಚರ್ಚೆಯಂಥ ಚಟುವಟಿಕೆಗಳಿಗೂ ಹೆಚ್ಚುವರಿ ಸೀಟುಗಳಿವೆ. ಐಐಟಿ ಮದ್ರಾಸ್ 2024ರಲ್ಲಿ ಕ್ರೀಡಾಪಟುಗಳಿಗೆ ಹೆಚ್ಚುವರಿ ಸೀಟು ತೆರೆಯಿತು, ಮರುವರ್ಷ ಕಲಾವಿದರಿಗೂ ತೆರೆಯಿತು. ಜೆಇಇ ಅಡ್ವಾನ್ಸ್‌ಡ್ ಮಾತ್ರ ಪಾಸಾಗಿರಲೇಬೇಕು. ಅಶೋಕ ವಿಶ್ವವಿದ್ಯಾಲಯದಂಥ ಖಾಸಗಿ ಕಡೆಗಳಲ್ಲಿ, ಅಮೆರಿಕದ ಕಾಲೇಜುಗಳಲ್ಲಿ ನಿಮ್ಮ ಇಡೀ ಬದುಕನ್ನೇ ಓದುತ್ತಾರೆ. ಮುಂದಿನ ಮಾತು ಮುಖ್ಯವಾಗಿ ಆ ಬಾಗಿಲು ತಟ್ಟುವವರಿಗೆ.

ಹತ್ತು ಸಾಲು ತುಂಬಿಸುವ ಆಸೆ ಬಿಡಿ

ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ 10 ಚಟುವಟಿಕೆಗಳಿಗೆ ಜಾಗವಿದೆ. ಹತ್ತನ್ನೂ ತುಂಬಿಸಲೇಬೇಕು ಎಂದೇನಿಲ್ಲ. ಪ್ರತಿಯೊಂದನ್ನೂ ವಿವರಿಸಲು ಸಿಗುವುದು 150 ಅಕ್ಷರ. ಜೊತೆಗೆ ಎರಡು ಲೆಕ್ಕ ಕೇಳುತ್ತಾರೆ: ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ. ಎರಡು ದಿನದ ಶಿಬಿರ, ಒಂದು ದಿನದ ಗಿಡ ನೆಡುವ ಕಾರ್ಯಕ್ರಮ ಎಲ್ಲ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ನಾಲ್ಕು ವರ್ಷ ಬಿಡದೆ ಮಾಡಿದ ಒಂದೇ ಕೆಲಸ ನಿಲ್ಲುತ್ತದೆ.

ಆ ಪಟ್ಟಿಯಲ್ಲಿ ಮನೆಯ ಜವಾಬ್ದಾರಿಗೂ ದುಡಿಮೆಗೂ ಜಾಗ ಇದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಡಿಸೆಂಬರ್ ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತು ತೂಕದ ಲೆಕ್ಕ ಬರೆಯುವ ಹುಡುಗ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಅಮ್ಮ ಕೆಲಸಕ್ಕೆ ಹೋದಾಗ ತಮ್ಮಂದಿರನ್ನು ನೋಡಿಕೊಳ್ಳುವ ಹುಡುಗಿ, ಇವರಿಬ್ಬರೂ ಅದನ್ನು ನಾಚಿಕೆಯಿಲ್ಲದೆ ಬರೆಯಬಹುದು. ಬರೆಯಲೇಬೇಕು. ಪಿಯಾನೊ ತರಗತಿಗೆ ದುಡ್ಡಿಲ್ಲದ ಮಗುವಿಗೂ ಹೇಳಿಕೊಳ್ಳಲು ಏನೋ ಇದ್ದೇ ಇರುತ್ತದೆ.

ಸುತ್ತ ಇರುವುದರಲ್ಲೇ ಒಂದನ್ನು ಹಿಡಿಯಿರಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ನಮ್ಮ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ, ಅಲ್ವಾ? ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಇಂಚು ಸೆಂಟಿನಲ್ಲಿ ಬರೆದಿಡುವ ಹಳೇ ಡೈರಿ. ತಾತ ಬರೆದದ್ದು, ಆಮೇಲೆ ಅಪ್ಪ ಬರೆದದ್ದು. ಒಬ್ಬ ವಿದ್ಯಾರ್ಥಿನಿ ಅದನ್ನು ಕೈಗೆತ್ತಿಕೊಂಡರೆ ಏನೇನು ಮಾಡಬಹುದು ನೋಡಿ. ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವುದು. 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್, ಹಾಗೆ ಬದಲಿಸಿಕೊಳ್ಳುವುದು. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಯಾವ ತಾರೀಕಿಗೆ ಬಂತು, ಎಷ್ಟು ದಿನ ಬಿಟ್ಟು ಎರಡನೇ ಮಳೆ ಬಂತು ಎಂದು ವರ್ಷವಾರು ಹೋಲಿಸುವುದು. ಆಮೇಲೆ ಪಕ್ಕದ ತೋಟಗಳ ಡೈರಿ ಕೇಳುವುದು. ಒಂದೇ ಹೋಬಳಿಯಲ್ಲಿ ಗುಡ್ಡದ ಈಚೆ ಆಚೆ ಮಳೆ ಬೇರೆ ಬೇರೆ ಎಂದು ನಮಗೆಲ್ಲ ಗೊತ್ತು. ಅದನ್ನು ಅಂಕಿಯಲ್ಲಿ ತೋರಿಸಿದವರು ಕಡಿಮೆ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಯ ಮಗು ಮಳೆಯ ಲೆಕ್ಕ ಹಿಡಿದು ಕೂತಿದೆ ಎಂದರೆ, ಅದು ಯಾಕೆ ಎಂದು ಓದುವವರಿಗೆ ವಿವರಿಸಬೇಕಿಲ್ಲ.

ಲೆಕ್ಕ ಒಗ್ಗದವರಿಗೆ ಬೇರೆ ದಾರಿಗಳಿವೆ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಒಂದು ಮರ ಆರಿಸಿಕೊಂಡು ವಾರವಾರ ಅದರ ಚಿಗುರು, ಹೂ, ಕಾಯಿ ಬರೆಯಬಹುದು. ಮನೆ ಹಿಂದಿನ ಹಲಸಿನ ಮರವೇ ಸಾಕು. ಹಕ್ಕಿ ನೋಡುವವರಿಗೆ, ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ತಾಣ ಇದೆ. ಭಾಷೆ ಇಷ್ಟವಿದ್ದರೆ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುವ ಕೊಡವ ತಕ್ಕ್ ಅಥವಾ ಅರೆಭಾಷೆಯ ಮಾತುಗಳನ್ನು ರೆಕಾರ್ಡ್ ಮಾಡಿ, ಅರ್ಥ ಬರೆಯಿರಿ. ಹಾಕಿ ಆಡುವವರು ಆಟದ ಜೊತೆ ಊರಿನ ಚಿಕ್ಕ ಹುಡುಗಿಯರಿಗೆ ಭಾನುವಾರ ಸ್ಟಿಕ್ ಹಿಡಿಯಲು ಕಲಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳಿಗೆ ಕನ್ನಡ ಓದಲು ಕಲಿಸಬಹುದು. ಆದರೆ ಫೋಟೊ ತೆಗೆದು ಎರಡು ವಾರಕ್ಕೆ ನಿಲ್ಲಿಸುವುದಾದರೆ ದಯವಿಟ್ಟು ಶುರು ಮಾಡಬೇಡಿ. ಆ ಮಕ್ಕಳು ಕಾಯುತ್ತಾರೆ.

ಆರಿಸುವಾಗ ಬಸ್ಸನ್ನೂ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಇಲ್ಲ, ಶಾಲೆಗೆ ರಜೆ, ಸಂಜೆಯಾದರೆ ಆನೆ ಭಯ. ಆ ಮೂರು ತಿಂಗಳೂ ಮನೆಯಲ್ಲೇ ಕೂತು ಮುಂದುವರಿಸಬಹುದಾದ ಕೆಲಸವಾದರೆ ಮಾತ್ರ ನಾಲ್ಕು ವರ್ಷ ಉಳಿಯುತ್ತದೆ.

ಬರೆಯುವುದು ಹೇಗೆ

"ಪರಿಸರ ಕ್ಲಬ್ ಸದಸ್ಯೆ, ಹಲವು ಕಾರ್ಯಕ್ರಮಗಳಲ್ಲಿ ಭಾಗವಹಿಸಿದ್ದೇನೆ" ಎಂದು ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. "ತಾತನ 22 ವರ್ಷದ ಮಳೆ ಡೈರಿ ಕಂಪ್ಯೂಟರಿಗೆ ಹಾಕಿದೆ, 6 ತೋಟಗಳ ಹೂಮಳೆ ದಿನ ಹೋಲಿಸಿದೆ, ಫಲಿತಾಂಶವನ್ನು ಬೆಳೆಗಾರರ ಸಭೆಯಲ್ಲಿ ಓದಿದೆ" ಎಂದರೆ ಮನುಷ್ಯರು ಕಾಣುತ್ತಾರೆ. ಮಾಡದೆ ಇದ್ದದ್ದನ್ನು ಮಾತ್ರ ಬರೆಯಬೇಡಿ. ಬ್ರಿಟನ್ನಿನ ಯೂಕಾಸ್ ಅರ್ಜಿ ಬೇರೆ ಥರ. 2026ರ ಪ್ರವೇಶದಿಂದ ಅದರಲ್ಲಿ ಮೂರು ಪ್ರಶ್ನೆಗಳಿವೆ. ತರಗತಿಯ ಹೊರಗೆ ಮಾಡಿದ್ದು ಈ ಕೋರ್ಸಿಗೆ ಹೇಗೆ ಉಪಯೋಗ ಎಂಬುದು ಮೂರನೆಯದು. ಅಲ್ಲಿ ಓದುವ ವಿಷಯಕ್ಕೆ ಹೊಂದುವ ಕೆಲಸವನ್ನು ಮುಂದೆ ಇಡಿ.

ದಾಖಲೆ ಇಟ್ಟುಕೊಳ್ಳಿ

ಒಂದು ನೋಟ್‌ಬುಕ್ ಇಡಿ. ತಾರೀಕು, ಎಷ್ಟು ಗಂಟೆ, ಏನು ಮಾಡಿದೆ, ಯಾರಿದ್ದರು, ನಾಲ್ಕೇ ಕಾಲಂ. ಪ್ರಮಾಣಪತ್ರಗಳನ್ನು ಬೀರುವಿನಲ್ಲಿ ಸುಮ್ನೆ ಇಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ನನ್ನ ಎನ್‌ಸಿಸಿ ಪ್ರಮಾಣಪತ್ರದ ಸಹಿ ಹಾಗೇ ಅಳಿಸಿಹೋಯಿತು, ನಕಲು ಪ್ರತಿಗೆ ತಿಂಗಳುಗಟ್ಟಲೆ ಅಲೆದೆ. ಸಿಕ್ಕ ದಿನವೇ ಸ್ಕ್ಯಾನ್ ಮಾಡಿ, ಮೂಲ ಪ್ರತಿಯನ್ನು ಗಾಳಿಯಾಡದ ಕವರಿಗೆ ಹಾಕಿ.

ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ಆ ನೋಟ್‌ಬುಕ್ಕಿನ ಕೆಲವು ಪುಟಗಳ ನಕಲು ಕೊಡಿ. ಅಮೆರಿಕದ ಬಹಳಷ್ಟು ಕಾಲೇಜುಗಳ ಮೊದಲ ಸುತ್ತಿಗೆ ನವೆಂಬರ್ 1 ಕಡೇ ದಿನ, ಎರಡನೇ ಸುತ್ತಿಗೆ ಜನವರಿ ಮೊದಲ ವಾರ. ನಡುವೆ ನಮಗೆ ಹುತ್ತರಿ ಹಬ್ಬ, ಕಾಫಿ ಕೊಯ್ಲು. ಹಾಗಾಗಿ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದ ವಾರವೇ ಹೋಗಿ ಮೇಷ್ಟ್ರನ್ನು ಕಾಣಿ.