ಪೇಪರ್ ಬಂತು, ಪೋಸ್ಟ್ ಹೇಗೆ ಹಾಕೋದು?

"ನನ್ನ ಸಂಶೋಧನಾ ಪೇಪರ್ ಪ್ರಕಟವಾಗಿದೆ ಎಂದು ತಿಳಿಸಲು ಸಂತೋಷಪಡುತ್ತೇನೆ." ಇಂಥ ಪೋಸ್ಟಿಗೆ ಅಭಿನಂದನೆಗಳು ರಾಶಿ ಬೀಳುತ್ತವೆ, ಪೇಪರ್ ತೆರೆದು ನೋಡುವವರು ಕಡಿಮೆ. ನಾನು ಕಪ್ಪೆಗಳ ಕೂಗಿನ ಮೇಲೆ ಕೆಲಸ ಮಾಡುವವಳು. ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಮೊದಲ ಸಾಲಿನಲ್ಲಿ ಜರ್ನಲ್ ಹೆಸರು ಬೇಡ, ಪ್ರಶ್ನೆ ಬರಲಿ.

"ಪಕ್ಕದ ರಸ್ತೆಯ ಗದ್ದಲ ಜಾಸ್ತಿಯಾದರೆ ಗಂಡು ಕಪ್ಪೆ ಏನು ಮಾಡುತ್ತದೆ?" ಇದು ಮೊದಲ ಸಾಲು. ಉತ್ತರ ಎರಡನೆಯದು. ಮೂರನೆಯದನ್ನೇ ಎಲ್ಲರೂ ಬಿಡುತ್ತಾರೆ: "ನಾವು ನೋಡಿದ್ದು ಒಂದೇ ಜಾತಿಯ ಕಪ್ಪೆ." ಇದನ್ನು ಕೆಳಗೆ ಕಾಮೆಂಟಿನಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಜನ ಶೇರ್ ಮಾಡುವುದು ಮೇಲಿನ ಪೋಸ್ಟನ್ನು ಮಾತ್ರ. ಸಂಜೆಯೊಳಗೆ ನಿಮ್ಮ ಒಂದು ಜಾತಿ "ಎಲ್ಲಾ ಕಪ್ಪೆಗಳು" ಆಗಿಬಿಟ್ಟಿರುತ್ತದೆ! ಬ್ಲೂಸ್ಕೈ ಜಾಲತಾಣದಲ್ಲಿ ಒಂದು ಪೋಸ್ಟಿಗೆ 300 ಅಕ್ಷರಗಳ ಮಿತಿ ಇದೆ. ಜಾಗ ಸಾಲದಿದ್ದರೆ ವಿಶೇಷಣಗಳನ್ನು ತೆಗೆಯಿರಿ, ಈ ಸಾಲನ್ನಲ್ಲ.

ಚಿತ್ರ ಒಂದೇ ಸಾಕು. ಅದಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ವಿವರಣೆ, ಬರೆಯಿರಿ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. "ಗ್ರಾಫ್ 2" ಅಂದರೆ ಅವರಿಗೆ ಏನು ತಿಳಿಯಬೇಕು? "ಅಡ್ಡಗೆರೆಯಲ್ಲಿ ಸದ್ದಿನ ಮಟ್ಟ, ನೇರಗೆರೆಯಲ್ಲಿ ಕೂಗಿನ ಆವರ್ತನ, ಸದ್ದು ಏರಿದಂತೆ ಆವರ್ತನವೂ ಏರುತ್ತದೆ" ಎಂದು ಬರೆಯಿರಿ. ಹೀಗೆ ಒಂದೇ ಸಾಲಿನಲ್ಲಿ ಹೇಳಲಾಗದಿದ್ದರೆ ಆ ಗ್ರಾಫ್ ಪೋಸ್ಟಿಗೆ ಲಾಯಕ್ಕಲ್ಲ.

ಡಿಒಐ (ಪೇಪರಿನ ಕಾಯಂ ಗುರುತು) ಲಿಂಕ್ ಹಾಕಲೇಬೇಕು. ಜರ್ನಲ್‌ನ ವೆಬ್ ವಿಳಾಸ ಬದಲಾದರೂ ಅದು ಪೇಪರಿಗೇ ಕರೆದೊಯ್ಯುತ್ತದೆ. ಪೇಪರಿನ ಬಗ್ಗೆ ಜಾಲದಲ್ಲಿ ಎಷ್ಟು ಮಾತಾಯಿತು ಎಂದು ಲೆಕ್ಕ ಹಾಕುವ ಆಲ್ಟ್‌ಮೆಟ್ರಿಕ್‌ನಂಥ ಎಣಿಕೆಗಳೂ ಪೇಪರಿನ ಲಿಂಕನ್ನೇ ಹಿಡಿಯುತ್ತವೆ, ಬರೀ ಸ್ಕ್ರೀನ್‌ಶಾಟ್ ಹಾಕಿದರೆ ಅವಕ್ಕೆ ಕಾಣುವುದಿಲ್ಲ. ಆದರೆ ಪ್ರಕಾಶಕರ ಪಿಡಿಎಫ್ ಅನ್ನು ಸುಮ್ನೆ ಅಪ್‌ಲೋಡ್ ಮಾಡಬೇಡಿ. 2017ರಲ್ಲಿ ಪ್ರಕಾಶಕರಾದ ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ, ಸಂಶೋಧಕರು ಪೇಪರ್ ಹಂಚಿಕೊಳ್ಳುವ ತಾಣ ರಿಸರ್ಚ್‌ಗೇಟ್ ಮೇಲೆ ಕೇಸು ಹಾಕಿದ್ದು ಇಂಥ ಪ್ರತಿಗಳ ವಿಚಾರಕ್ಕೇ. ನಿಮ್ಮ ಒಪ್ಪಂದ ತೆರೆದು ನೋಡಿ. ಎಷ್ಟೋ ಕಡೆ ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೂ ಮುಂಚಿನ ನಿಮ್ಮ ಪ್ರತಿ) ಹಾಕಲು ಅಡ್ಡಿಯಿರುವುದಿಲ್ಲ.

ಮೊದಲ ಲೇಖಕರು ವಿದ್ಯಾರ್ಥಿಯಾಗಿದ್ದರೆ ಮೊದಲ ಪೋಸ್ಟ್ ಅವರದೇ. ಗೈಡ್ ಆದವರು ಅದನ್ನು ಶೇರ್ ಮಾಡಿದರೆ ಸಾಕು, ಅಲ್ವಾ? ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಬಿಡಿ.

ಯಾವ ಜಾಲತಾಣ ಅಂತ ತಲೆ ಕೆಡಿಸಿಕೊಳ್ಳಬೇಡಿ. 2023ರಲ್ಲಿ ಟ್ವಿಟರ್ ಎಕ್ಸ್ ಆಯಿತು. ಪರಿಚಯದ ಸಂಶೋಧಕರು ಮ್ಯಾಸ್ಟೊಡಾನ್, ಬ್ಲೂಸ್ಕೈ, ಲಿಂಕ್ಡ್‌ಇನ್ ಅಂತ ಚದುರಿಹೋದರು. ನಿಮ್ಮ ಓರ್ಸಿಡ್ (ಸಂಶೋಧಕರ ಗುರುತುಸಂಖ್ಯೆ) ಪುಟವನ್ನು ಅಪ್‌ಡೇಟ್ ಮಾಡಿಟ್ಟು ಎಲ್ಲಾ ಪ್ರೊಫೈಲ್‌ಗೂ ಅದರ ಲಿಂಕ್ ಕೊಡಿ. ಯಾವ ತಾಣ ಬಿಟ್ಟರೂ ಆ 16 ಅಂಕಿ ನಿಮ್ಮದೇ.

ಪೋಸ್ಟ್ ಹಾಕಿದ ಮೇಲೆ ನೋಟಿಫಿಕೇಷನ್ ಆಫ್ ಮಾಡಿ, ಸಂಜೆ ಒಮ್ಮೆ ನೋಡಿ. ವಿಧಾನದ ಬಗ್ಗೆ ಕೇಳಿದವರಿಗೆ ಎಲ್ಲರ ಎದುರೇ ಉತ್ತರಿಸಿ. ಕಾಲು ಕೆರೆದು ಜಗಳಕ್ಕೆ ಬಂದವರನ್ನು ಮ್ಯೂಟ್ ಮಾಡಿ. ಡೇಟಾ ಕೇಳಿದವರಿಗೆ ಮಾತ್ರ ಇಮೇಲ್ ವಿಳಾಸ ಕೊಟ್ಟು, ಅದೇ ವಾರ ಫೈಲ್ ಕಳಿಸಿ.