ಮನೆಯಲ್ಲೇ ಕಲಿಯುವ ಮಕ್ಕಳೊಂದಿಗೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಎಲ್ಲ ಮಹಡಿಗಳನ್ನೂ ಒಂದೇ ದಿನ ಸುತ್ತಿ ಮುಗಿಸಬೇಕೆಂಬ ಧಾವಂತ ಶಾಲಾ ಪ್ರವಾಸದ ಬಸ್ಸಿನಲ್ಲಿ ಬಂದವರಿಗೆ ಅನಿವಾರ್ಯವಿರಬಹುದು; ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳಿಗೆ ಅದರ ಹಂಗಿಲ್ಲ. ಒಂದು ಭೇಟಿಗೆ ಒಂದೇ ಯಂತ್ರವನ್ನು, ಹೆಚ್ಚೆಂದರೆ ಒಂದು ವಿಭಾಗವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಉಳಿದದ್ದನ್ನು ಕಣ್ಣಾಡಿಸಿ ಬಿಟ್ಟರೂ ನಷ್ಟವೇನಿಲ್ಲ.

ದಿನದ ಆಯ್ಕೆಯಲ್ಲಿ ಸ್ವಲ್ಪ ಎಚ್ಚರ ಬೇಕು. ವಾರಾಂತ್ಯದಲ್ಲಿ ಜನಸಂದಣಿ ಸಹಜ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸಗಳ ಕಾಲವಾದ್ದರಿಂದ ವಾರದ ನಡುವಿನ ಬೆಳಗೂ ಗದ್ದಲವಾಗಿರುತ್ತದೆ. ಶಾಲೆಗಳು ಆಗಷ್ಟೇ ತೆರೆದಿರುವ ಜೂನ್, ಜುಲೈ ತಿಂಗಳುಗಳ ಮಂಗಳವಾರವೋ ಬುಧವಾರವೋ ಹೋದರೆ ಒಂದು ಮಾದರಿಯ ಗುಂಡಿಯನ್ನು ಮಗು ಎಷ್ಟು ಸಲ ಒತ್ತಿದರೂ ಹಿಂದಿನಿಂದ ಯಾರೂ ಅವಸರಪಡಿಸುವುದಿಲ್ಲ. ಸಮಯ ಮತ್ತು ಟಿಕೆಟ್ ದರವನ್ನು ಹಿಂದಿನ ದಿನವೇ ಜಾಲತಾಣದಲ್ಲಿ ನೋಡಿಕೊಳ್ಳಿ. ನೇರಳೆ ಮಾರ್ಗದ ಮೆಟ್ರೋದಲ್ಲಿ ಬಂದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ತಲುಪಬಹುದು. ಹೊಟ್ಟೆ ತುಂಬ ತಿಂಡಿ ತಿನ್ನಿಸಿಯೇ ಹೊರಡಿಸಿ.

ಮೊದಲ ಭೇಟಿಗೆ ರೈಟ್ ಸಹೋದರರ ವಿಮಾನಕ್ಕಿಂತ ಉತ್ತಮ ಆಯ್ಕೆ ಇಲ್ಲವೆಂದು ನನ್ನ ಅನಿಸಿಕೆ. 1903ರ ಡಿಸೆಂಬರ್ 17ರಂದು ಹಾರಿದ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಇಲ್ಲಿದೆ. ಹೊರಡುವ ಮುನ್ನ ಮನೆಯಲ್ಲಿ ಕಾಗದದ ವಿಮಾನ ಮಾಡಿಸಿ, ಒಂದು ರೆಕ್ಕೆಯ ಹಿಂಬದಿಯ ಅಂಚನ್ನು ತುಸು ಮೇಲಕ್ಕೂ ಇನ್ನೊಂದರದ್ದನ್ನು ಕೆಳಕ್ಕೂ ಮಡಿಸಿ ಹಾರಿಸಲು ಹೇಳಿ. ಅದು ಒಂದು ಬದಿಗೆ ವಾಲುತ್ತದೆ. ಆ ಸಹೋದರರು ತಂತಿಗಳಿಂದ ರೆಕ್ಕೆಯನ್ನೇ ತಿರುಚಿ ವಿಮಾನದ ವಾಲುವಿಕೆಯನ್ನು ಹತೋಟಿಯಲ್ಲಿಟ್ಟದ್ದು ಇದೇ ತತ್ತ್ವದಿಂದ. ಈ ಆಟ ಆಡಿ ಬಂದ ಮಗು ಪ್ರತಿಕೃತಿಯ ಮುಂದೆ ನಿಂತಾಗ ತಾನಾಗಿಯೇ ತಂತಿಗಳನ್ನು ಹುಡುಕತೊಡಗುತ್ತದೆ. ಚಾಲಕನಿಗೆ ಕುರ್ಚಿ ಏಕಿಲ್ಲ, ಏರಿಳಿತದ ಪಟ್ಟಿಗಳು ಬಾಲದಲ್ಲಿರದೆ ಮುಂದೇಕಿವೆ, ಎಂಜಿನ್‌ನಿಂದ ಎರಡು ಪ್ರೊಪೆಲರ್‌ಗಳಿಗೆ ಸೈಕಲ್ಲಿನಲ್ಲಿರುವಂತಹ ಚೈನ್ ಏಕೆ ಹೋಗಿದೆ ಎಂದು ಕೇಳಿ, ಉತ್ತರ ಹೇಳದೆ ಸುಮ್ಮನಿರಿ. ಅವರಿಬ್ಬರೂ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು ಎಂಬುದನ್ನು ಕೊನೆಗೆ ಹೇಳಿದರೆ ಸಾಕು.

ಬಳಿಕ ಪಕ್ಕದ ಕಬ್ಬನ್ ಉದ್ಯಾನಕ್ಕೆ ಕರೆದೊಯ್ದು ಅಳತೆಪಟ್ಟಿಯಿಂದ 120 ಅಡಿ ಅಳೆಯಿರಿ. ಮೊದಲ ಹಾರಾಟದ ದೂರ ಅಷ್ಟೇ, ಅವಧಿ 12 ಸೆಕೆಂಡು. ಹತ್ತು ವರ್ಷದ ಮಗು ಅದನ್ನು ಅದಕ್ಕಿಂತ ಬೇಗ ಓಡಿ ಮುಗಿಸಿ, ‘ಇಷ್ಟಕ್ಕೇ ಅಷ್ಟು ಹೆಸರೇ?’ ಎಂದು ಕೇಳಬಹುದು. ಬಿರುಸಾದ ಎದುರುಗಾಳಿಯಲ್ಲಿ, ಸ್ವಂತ ಎಂಜಿನ್‌ನ ಬಲದಿಂದ ಮೇಲೆದ್ದು, ಚಾಲಕನ ಹತೋಟಿಯಲ್ಲೇ ಸಾಗಿ ನೆಲಕ್ಕಿಳಿದದ್ದರ ಮಹತ್ವವನ್ನು ಚರ್ಚಿಸಲು ಅದೇ ತಕ್ಕ ಗಳಿಗೆ. ದೂರವನ್ನು ಕಾಲದಿಂದ ಭಾಗಿಸಿ ವೇಗ ತೆಗೆಯುವ ಲೆಕ್ಕವೂ ಅಲ್ಲೇ ಆಗಿಬಿಡುತ್ತದೆ. ಅದೇ 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಲಾಯಿತು ಎಂಬುದನ್ನೂ ಸೇರಿಸಿದರೆ ಸಂಸ್ಥೆಯ ಹೆಸರಿಗೆ ಅರ್ಥ ಬರುತ್ತದೆ. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ; ಅದೇ ವರ್ಷ ಜುಲೈನಲ್ಲಿ ನೆಹರೂ ಈ ಕಟ್ಟಡವನ್ನು ಉದ್ಘಾಟಿಸಿದರು.

ಮನೆಯಲ್ಲಿ ಅಜ್ಜ ಇದ್ದರೆ ಅವರನ್ನು ತಪ್ಪದೆ ಕರೆದೊಯ್ದು, ಎಂಜಿನ್ ವಿಭಾಗದ ಪಾಠವನ್ನು ಅವರಿಗೇ ಬಿಟ್ಟುಬಿಡಿ. ಹಳೆಯ ಚೇತಕ್ ಸ್ಕೂಟರ್ ಸ್ಟಾರ್ಟ್ ಆಗದಿದ್ದಾಗ ಅದನ್ನು ಓರೆ ಮಾಡಿ ಕಿಕ್ ಹೊಡೆಯುತ್ತಿದ್ದುದನ್ನೂ, ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದುದನ್ನೂ ಅವರು ಹೇಳತೊಡಗಿದರೆ ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್ ಎಂಜಿನ್‌ಗಳ ವ್ಯತ್ಯಾಸ ಯಾವ ಫಲಕದಿಂದಲೂ ತಿಳಿಯದಷ್ಟು ಚೆನ್ನಾಗಿ ತಿಳಿಯುತ್ತದೆ. ಚಿಕ್ಕ ಮಕ್ಕಳಿಗೆ ಇಷ್ಟು ಹೊತ್ತು ನಿಲ್ಲುವ ತಾಳ್ಮೆ ಇರದು. ಒಬ್ಬರು ಅವರನ್ನು ಡೈನೋಸಾರ್ ನೋಡಲು ಕರೆದೊಯ್ಯಲಿ.

ನೋಟ್‌ಬುಕ್ಕಿನಲ್ಲಿ ಫಲಕದ ಬರಹವನ್ನು ನಕಲು ಮಾಡಿಸಬೇಡಿ. ಪೆನ್ಸಿಲಿನಲ್ಲಿ ಒಂದೇ ಚಿತ್ರ ಬಿಡಿಸಲಿ. ಯಾವ ಭಾಗ ಯಾವುದನ್ನು ತಳ್ಳುತ್ತದೆ ಎಂಬುದಕ್ಕೆ ಬಾಣದ ಗುರುತು ಹಾಕಲಿ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ 10ನೇ ತರಗತಿ ಪರೀಕ್ಷೆಗೆ ಕೂರಿಸುವ ಯೋಚನೆಯಿದ್ದರೂ ಅದಕ್ಕೆ ಕನಿಷ್ಠ 14 ವರ್ಷ ತುಂಬಿರಬೇಕಾದ್ದರಿಂದ ಈಗಲೇ ಪ್ರಶ್ನೋತ್ತರ ಬರೆಸುವ ಆತುರ ಬೇಡ. ಬಾಣದ ಗುರುತು ಹಾಕಲು ತೋಚದೆ ಬಿಟ್ಟ ಜಾಗಗಳನ್ನು ಮನೆಗೆ ಬಂದ ಮೇಲೆ ಬಣ್ಣದಿಂದ ಸುತ್ತು ಹಾಕಿಸಿಡಿ. ಮುಂದಿನ ಭೇಟಿಯಲ್ಲಿ ಮೊದಲು ನೋಡಬೇಕಾದದ್ದು ಅವನ್ನೇ.