ಎರಡು ಮೀಟರ್ ಸುರಂಗಕ್ಕೆ ಕುರಿ ಉಣ್ಣೆ: ನನ್ನ ಟಿಎಲ್ ಸ್ಪೀಕರ್ ಅನುಭವ

ಟ್ರಾನ್ಸ್‌ಮಿಶನ್ ಲೈನ್ (ಟಿಎಲ್) ಅಂದ್ರೆ ಡ್ರೈವರಿನ, ಅಂದ್ರೆ ಸದ್ದು ಮಾಡೋ ಕೋನಿನ, ಹಿಂದಿನ ಸದ್ದು ಡಬ್ಬದೊಳಗೆ ಮಡಿಸಿದ ಉದ್ದ ಸುರಂಗದಲ್ಲಿ ಹಾದು ಬಾಯಿಂದ ಹೊರಬರೋ ಸ್ಪೀಕರ್. ಅದನ್ನ ಮಾಡ್ತೀನಿ ಅಂದಾಗ ನಮ್ಮ ಸ್ಪೀಕರ್ ಕಟ್ಟೋರ ಬಳಗದಲ್ಲಿ ಒಬ್ರೂ ಹೂಂ ಅನ್ಲಿಲ್ಲ. ಹುಬ್ಬಳ್ಳಿ ಕಡೆ ಒಬ್ರು ಹಿರಿಯರಿದ್ದಾರೆ, ಮೂವತ್ತು ವರ್ಷದಿಂದ ಡಬ್ಬ ಹೊಡೀತಿರೋರು, "ಅದೆಲ್ಲ ಬರೇ ಕಟಿಗಿ ದಂಡ ಮಾಡೋ ಕೆಲಸ ನೋಡಪಾ, ಒಂದು ಪೋರ್ಟ್ ಹೊಡದು ಸುಮ್ನ ಹಾಡು ಕೇಳು" ಅಂದ್ರು, ಅಂದ್ರೆ ಗಾಳಿ ತೂತಿನ ಸಾದಾ ಡಬ್ಬ ಸಾಕು ಅಂತ. ಈಗ ನನ್ನ ಜೋಡಿ ಶಿರಸಿಯ ಎರಡು ಮಳೆಗಾಲ ದಾಟಿ ನಿಂತಿದೆ, ಅದಕ್ಕೇ ಬರೀತಾ ಇದೀನಿ. ಲೆಕ್ಕ ಒಂದೇ ನೆನಪಿಡಿ: ಸುರಂಗದ ಉದ್ದ ಯಾವ ಸದ್ದಿನ ಅಲೆಯ ಕಾಲು ಭಾಗವೋ ಆ ಸದ್ದು ಅದರಲ್ಲಿ ಅನುರಣಿಸುತ್ತೆ, ಅದಕ್ಕೇ ಕ್ವಾರ್ಟರ್ ವೇವ್ ಅನ್ನೋದು.

ಡ್ರೈವರ್ ಆರೂವರೆ ಇಂಚಿಂದು, ಜೋಡಿಗೆ ಸುಮಾರು 5,600 ಕೊಟ್ಟ ನೆನಪು. ಕಂಪನಿ ಶೀಟಲ್ಲಿ ಎಫ್‌ಎಸ್ (ಡ್ರೈವರಿನ ಸ್ವಂತ ಅನುರಣನ) 37 ಹರ್ಟ್ಸ್ ಅಂತ ಇತ್ತು, ನಾನು 10 ಓಮ್ ರೆಸಿಸ್ಟರ್ ಹಾಕಿ ಸೌಂಡ್ ಕಾರ್ಡಲ್ಲಿ ಅಳೆದ್ರೆ ಒಂದು 45, ಇನ್ನೊಂದು 43. ಹೊಸ ಡ್ರೈವರ್ ಸಡಿಲಾಗ್ಲಿ ಅಂತ ಮೆತ್ತಿ (ಅಟ್ಟ) ಮೇಲೆ ಇಟ್ಟು 30 ಹರ್ಟ್ಸ್ ಒಂದೇ ಸ್ವರ ಬಿಟ್ಟು ಎರಡು ರಾತ್ರಿ ಓಡಿಸಿದೆ, ಆಯಿ ಬೆಳಿಗ್ಗೆ ಎದ್ದವಳೇ "ತಮಾ, ಮೆತ್ತಿ ಮೇಲೆ ಎಂತದೋ ಗುಂಯ್ ಹೇಳ್ತು, ಜೇನು ಗೀನು ಕೂತಿದ್ದಾ ನೋಡು" ಅಂದ್ಲು. ಆಮೇಲೆ ಎರಡೂ 40ರ ಹತ್ರ ಬಂದ್ವು. ಅಳೀದೇ ಡಬ್ಬ ಕೊಯ್ದಿದ್ರೆ ಅಲ್ಲೇ ಮುಗೀತಿತ್ತು ಕತೆ.

ಮೊದಲನೇ ಡಬ್ಬ ಪೂರ್ತಿ ದಂಡ. 12 ಎಂಎಂ ಕಮರ್ಷಿಯಲ್ ಪ್ಲೈ, 2.1 ಮೀಟರ್ ಲೈನ್, ಮೊದಲಿಂದ ಕೊನೆವರೆಗೂ ಒಂದೇ ಅಗಲ, ಡ್ರೈವರ್ ಮುಚ್ಚಿದ ತುದೀಲೇ. ಲೆಕ್ಕದ ಪ್ರಕಾರ 41 ಹರ್ಟ್ಸ್, ಅದು ಬಂತು, ಆದ್ರೆ ಅದರ ಮೂರು ಪಟ್ಟು 123ರಲ್ಲೂ ಸದ್ದು ಉಬ್ಬಿ ದೊಡ್ಡ ಗುಡ್ಡ ಬಂತು, ಗ್ರಾಫಲ್ಲಿ 7 ಡೆಸಿಬೆಲ್ (ಡಿಬಿ) ಇರ್ಬೇಕು. ಗ್ರಾಫ್ ನೋಡೋಕೂ ಮುಂಚೆ ಕಿವಿಗೇ ಸಿಕ್ಕಿಬಿತ್ತು ಅದು. ನಮ್ಮ ಮನೇಲಿ ಹಿಂದೂಸ್ತಾನಿ ಗಾಯನ ಜಾಸ್ತಿ, ಗಂಡಸರ ಹಾಡಿಗೆ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂದ್ರೆ ಷಡ್ಜ 139ರ ಹತ್ರ, ಅಲ್ಲಿಂದ ಮಂದ್ರದ ಕೋಮಲ ನಿಷಾದಕ್ಕೆ ಇಳಿದ್ರೆ ಸರಿಯಾಗಿ 123. ಮಾಲಕಂಸ್ ರಾಗ ಹಾಕಿದ್ರೆ ಪ್ರತಿ ಸಲ ನಿಷಾದ ಬಂದಾಗ ಹಾಡುವವರು ಬಾವಿಗೆ ಬಗ್ಗಿ ಹಾಡಿದ ಹಾಗೆ, ಮತ್ತೆ ಷಡ್ಜಕ್ಕೆ ಬಂದ್ರೆ ಸರಿ. ಅಪ್ಪಯ್ಯ ಎರಡು ನಿಮಿಷ ಕೂತು ಕೇಳಿ ಎದ್ದು ಹೋದ, ಏನೂ ಹೇಳ್ಲಿಲ್ಲ. ಬೈದಿದ್ರೂ ಅಷ್ಟು ಬೇಜಾರಾಗ್ತಿರ್ಲಿಲ್ಲ. ಮೇಲಿಂದ ಆಷಾಢದ ಮಳೆಗೆ ಪ್ಲೈ ಉಬ್ಬಿ ಪದರ ಬಿಟ್ಟು, ಒಳಗೆ ಬೂಷ್ಟು. ಸುಮಾರು 4,500 ರೂಪಾಯಿ ಬಚ್ಚಲ ಒಲೆಗೆ ಹೋಯ್ತು.

ಆ ಗುಡ್ಡ ಇಳಿಸೋಕೆ ಸ್ಟಫಿಂಗ್ ಅಂತ ಏನೇನು ತುರುಕಿದೀನಿ ಕೇಳ್ಬೇಡಿ. ದಿಂಬಿನ ಬೂರುಗದ ಹತ್ತಿ ಹಾಕಿದೆ, ಮೂರೇ ವಾರಕ್ಕೆ ತೇವ ಹಿಡಿದು ತಳಕ್ಕೆ ಕೂತ್ಕೊಂತು. ತೆಂಗಿನ ನಾರು ಮೇಲಿನ ಸದ್ದು ತಿನ್ನುತ್ತೆ, 100ರ ಕೆಳಗೆ ಏನೂ ಮಾಡಲ್ಲ, ಜೊತೆಗೆ ಅದರ ಪುಡಿ ಡ್ರೈವರ್ ಹಿಂದೆ ಎಲ್ಲ. ಲೈನ್ ತಿರುಗೋ ಕಡೆ ಗೋಡೆಗೆ ಅಡಿಕೆ ಹಾಳೆ ಅಂಟಿಸಿ ನೋಡಿದೆ, ಯಾಕೆ ಅಂದ್ರೆ ಹಾಳೆ ನಮ್ಮನೇಲಿ ಪುಕ್ಕಟೆ, ಬೇರೆ ಕಾರಣ ಇಲ್ಲ. ತಬಲಾದ ಬಾಯಾಂ ಬಿದ್ದಾಗಲೆಲ್ಲ ಪಟಪಟ ಅಂತ ಅದೇ ಇನ್ನೊಂದು ವಾದ್ಯ ಆಯ್ತು. ಅಂಗಡಿ ಪಾಲಿಫಿಲ್ (ದಿಂಬಿಗೆ ತುಂಬೋ ಸಿಂಥೆಟಿಕ್ ಎಳೆ) ಪರವಾಗಿಲ್ಲ, ಆದ್ರೆ ಬೇಕಾದಷ್ಟು ತುಂಬಿದ್ರೆ ಬೇಸೂ ಸತ್ತು ಹೋಗತ್ತೆ.

ಕೊನೆಗೆ ಹಳೇ ಪಾಠಕ್ಕೇ ಹೋದೆ. ಎ.ಆರ್. ಬೈಲಿ ಅನ್ನೋರು 1965ರಲ್ಲಿ ಇಂಗ್ಲೆಂಡಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೇಲಿ ಈ ಥರದ ಡಬ್ಬದ ಬಗ್ಗೆ ಬರೆದಾಗ ಹೇಳಿದ್ದೇ ಉದ್ದ ಎಳೆ ಕುರಿ ಉಣ್ಣೆ. ನಾವು ಅದನ್ನ ವಿಲಾಯಿತಿ ಮಾಲು ಅಂತ ಬಿಟ್ಟು ಕೂತಿದ್ವಿ, ಇಲ್ಲಿ ಘಟ್ಟದ ಮೇಲಿಂದ ಎರಡೇ ಗಂಟೆ ದಾರೀಲಿ ಹಾವೇರಿ ಸೀಮೆ, ಕುರಿಗೇನು ಬರ. ಕಂಬಳಿಗೆ ಹೋಗೋ ಒರಟು ಉಣ್ಣೆ 3 ಕಿಲೋ ತಂದೆ, 300 ರೂಪಾಯಿ ಕೊಟ್ಟಿದ್ದು. ಅಂಟುವಾಳದ ನೀರಲ್ಲಿ ನಾಲ್ಕು ಸಲ ತೊಳೆದ್ರೂ ಕುರಿ ವಾಸನೆ ಬಿಡ್ಲಿಲ್ಲ, ಹೆಂಡ್ತಿ ಹಿತ್ಲಿಂದ ಒಳಗೆ ತರೋಕೇ ಬಿಡ್ಲಿಲ್ಲ, ಜಿಡ್ಡು ಮಣ್ಣು ಎಲ್ಲ ಹೋಗಿ ಉಳಿದಿದ್ದು ಒಂದೂವರೆ ಕಿಲೋನೂ ಇರ್ಲಿಲ್ಲ. ಐದನೇ ಸಲಕ್ಕೆ ನೀರಿಗೆ ಇನ್ನೊಂದು ವಸ್ತು ಸೇರಿಸಿದೆ, ವಾಸನೆಯೂ ಹೋಯ್ತು, ಹುಳನೂ ಇವತ್ತಿನವರೆಗೆ ಬಂದಿಲ್ಲ. ಅದೇನು ಅಂತ ಹೇಳಲ್ಲ. ನುಸಿಗುಳಿಗೆ ಅಂತೂ ಅಲ್ಲ, ಡ್ರೈವರಿನ ರಬ್ಬರ್ ಇರೋ ಡಬ್ಬದೊಳಗೆ ಅದನ್ನ ಹಾಕೋಕೆ ನನಗೆ ಧೈರ್ಯ ಇಲ್ಲ.

ಎರಡನೇ ಡಬ್ಬ 18 ಎಂಎಂ ಮರೀನ್ ಪ್ಲೈ, 4,200ರ ಒಂದೇ ಶೀಟು. ಒಳಗೆ 19 ಸೆಂಟಿಮೀಟರ್ ಅಗಲ, 19 ಆಳ, ಜೊತೆಗೆ ನಡುವಿನ ಹಲಗೆ ದಪ್ಪ, ಒಳ ಎತ್ತರ 105. ನಡುವಿನ ಹಲಗೆ ಓರೆ: ಮುಂದೆ ಕೆಳಗಡೆ 12 ಸೆಂಟಿಮೀಟರ್ ಶುರುವಾಗಿ ಮೇಲೆ ಹೋಗಿ ಒಂಬತ್ತೂವರೆ, ಅಲ್ಲಿ ತಿರುಗಿ ಹಿಂದಿಂದ ಇಳಿದು 7ಕ್ಕೆ ಬಾಯಿ. ಒಂದೇ ಓರೆ ಹಲಗೆಗೆ ಪೂರ್ತಿ ಟೇಪರ್ (ಬಾಯಿ ಕಡೆಗೆ ಕಿರಿದಾಗ್ತಾ ಹೋಗೋದು) ಬಂತು ನೋಡಿ, ಇದು ಹೊಳೆದ ದಿನ ರಾತ್ರಿ ನಿದ್ದೆ ಬರ್ಲಿಲ್ಲ. ಶೀಟಿನ 4 ಅಡಿ ಅಗಲದಲ್ಲಿ ಒಂದು ಡಬ್ಬದ ಹಲಗೆ ಎಲ್ಲ ಸಾಲಾಗಿ ಕೂರತ್ತೆ, ಎರಡು ಸಾಲು ಎರಡು ಡಬ್ಬ, ಉಳಿದ ಪಟ್ಟಿ ಮುಚ್ಚಳಕ್ಕೆ. ಆಚಾರ್ರು "ಭಟ್ರೇ, ಇಷ್ಟು ಬಿಗಿ ಲೆಕ್ಕ ಹಾಕಿದ್ರೆ ಗರಗಸಕ್ಕೆ ಜಾಗ ಎಲ್ಲಿ" ಅಂತ ನಕ್ರು, ಆದ್ರೂ ಕೊಯ್ದು ಕೊಟ್ರು.

ಮುಖ್ಯ ಬದಲಾವಣೆ ಡ್ರೈವರ್ ಜಾಗದ್ದು. ಮುಚ್ಚಿದ ತುದಿಯಿಂದ ಲೈನಿನ ಮೂರನೇ ಒಂದು ಭಾಗ, ಅಂದ್ರೆ 70 ಸೆಂಟಿಮೀಟರ್ ಮೇಲೆ. ಅಲ್ಲಿ ಕೂತ್ರೆ ಆ ಮೂರು ಪಟ್ಟಿನ ಅನುರಣನಕ್ಕೆ ಡ್ರೈವರ್ ತಳ್ಳಿದ್ದು ತಾಗೋದೇ ಇಲ್ಲ. ಟೇಪರ್ ಇರೋದ್ರಿಂದ ಕರೆಕ್ಟ್ ಜಾಗ 70 ಅಲ್ಲ, ಸ್ವಲ್ಪ ಸರಿಸ್ಬೇಕು, ಎತ್ಲಾಗೆ ಎಷ್ಟು ಅನ್ನೋದನ್ನ ಹಾರ್ನ್‌ರೆಸ್ಪ್ ಅನ್ನೋ ಸ್ಪೀಕರ್ ಲೆಕ್ಕದ ಸಾಫ್ಟ್‌ವೇರಲ್ಲಿ ಕೂತು ನೀವೇ ಹುಡುಕ್ಕೊಳ್ಳಿ, ನನಗೆ ಮೂರು ವಾರ ಹಿಡಿದಿತ್ತು. ಲಾಭ ಅಂದ್ರೆ ಟ್ವೀಟರ್ (ಮೇಲಿನ ಸದ್ದಿನ ಚಿಕ್ಕ ಸ್ಪೀಕರ್) ತಾನಾಗೇ ಕುರ್ಚೀಲಿ ಕೂತವರ ಕಿವಿ ಎತ್ತರಕ್ಕೆ ಬಂತು.

ಉಣ್ಣೆ ಮೊದಲು ಡಬ್ಬಕ್ಕೆ 450 ಗ್ರಾಂ ಹಾಕಿದೆ, ಉಸಿರು ಕಟ್ಟಿದ ಹಾಗಾಯ್ತು. 50 ಗ್ರಾಂ ತೆಗೆಯೋದು, ಅಳೆಯೋದು, ಮತ್ತೆ ತೆಗೆಯೋದು. 280ರ ಹತ್ರ ನಿಲ್ಲಿಸಿದೆ, ಲೈನಿನ ಮೊದಲ ಮೂರನೇ ಎರಡು ಭಾಗಕ್ಕೆ ಮಾತ್ರ, ಬಾಯಿ ಕಡೆ ಖಾಲಿ. 123ರ ಗುಡ್ಡ ಈಗ ಎರಡು ಡಿಬಿನೂ ಇಲ್ಲ, ಬಾಯಿಯ ಸದ್ದು 37ರ ಹತ್ರ ತುದಿ ಮುಟ್ಟತ್ತೆ. ತಾನಪುರದ ಖರಜ (ಮಂದ್ರ ಷಡ್ಜದ) ತಂತಿ 69 ಹರ್ಟ್ಸ್, ಅದು ಕೋಣೆ ತುಂಬ ಹಾಸ್ಕೊಳ್ಳತ್ತೆ, ಗುಂಯ್ ಅನ್ನಲ್ಲ.

ಖರ್ಚು ಟ್ವೀಟರ್, ಕ್ರಾಸೋವರ್ (ಸದ್ದನ್ನ ಡ್ರೈವರಿಗೂ ಟ್ವೀಟರಿಗೂ ಹಂಚೋ ಸರ್ಕ್ಯೂಟ್), ಆಚಾರ್ರ ಕೂಲಿ ಎಲ್ಲ ಸೇರಿ 16 ಸಾವಿರ, ಹಾಳಾಗಿದ್ದು ಸೇರಿಸಿದ್ರೆ 25 ಮುಟ್ಟಬಹುದು. ಮನೇಲಿ ಹೇಳಿದ್ದು 12. ಕಾರವಾರದ ಗೆಳೆಯನಿಗೂ ಒಂದು ಜೋಡಿ ಮಾಡಿಕೊಟ್ಟೆ, ಡಬ್ಬ ಗಟ್ಟಿ ಇದೆ, ಆದ್ರೆ ಕಡಲ ಗಾಳಿಗೆ ಟರ್ಮಿನಲ್ ಆರೇ ತಿಂಗಳಿಗೆ ಹಸಿರು ಕಿಲುಬು, ಈಗ ವೈರನ್ನ ನೇರ ಬೆಸುಗೆ ಹಾಕಿದೀನಿ.

ಹುಬ್ಬಳ್ಳಿಯವರು ಹೋದ ತಿಂಗಳು ಬಂದಿದ್ರು. ಮಾಲಕಂಸ್ ಮುಗಿಯೋವರೆಗೂ ಮಾತಾಡ್ಲಿಲ್ಲ, ಆಮೇಲೆ ಎದ್ದು ಹಿಂದೆ ಹೋಗಿ ಬಾಯಿಗೆ ಕೈ ಹಾಕಿ, ಸಬ್‌ವೂಫರ್ ಎಲ್ಲಿ ಬಚ್ಚಿಟ್ಟೀ ಅಂತ ಗೋಡೆ ಮೂಲೇಲೆಲ್ಲ ಹುಡುಕಿದ್ರು. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ್ರು, "ಉಣ್ಣಿ ಯಾವ ಊರಿಂದಪಾ?" ಹಾವೇರಿ ಕಡೆದು ಅಂದೆ. ಊರು ಹೇಳ್ಲಿಲ್ಲ.